ಸಂಗಣ್ಣನ ದಾಳ

ಸಂಗನಬಸಪ್ಪನವರು ದಾಳದಲ್ಲಿ ಸುಳ್ಳು ಹೇಳಿದರು ಎಂದು ಮೊದಲು ಬಾಯಿಬಿಟ್ಟವಳು ನಾನೇ. ಬಾಯಿಬಿಡುವ ಮುಂಚೆ ಯೋಚಿಸುವ ಅಭ್ಯಾಸ ನನಗಿಲ್ಲ. ದಾವಣಗೆರೆಯಲ್ಲಿ ನಮ್ಮಮ್ಮ ಮನೆಗೆ ಬಂದವರಿಗೆಲ್ಲ ‘ನಮ್ಮ ಗೌತಮಿಗೆ ಮೂಗಿನ ತುದೀಲೇ ಸಿಟ್ಟು’ ಎಂದು ಹೇಳಿಯೇ ಕಾಫಿ ಕೊಡುತ್ತಿದ್ದಳು. ಇಂದಿರಾನಗರದ ಆಫೀಸಿನಲ್ಲಿ ಜನರ ರಜೆ, ಹಾಜರಿ ನೋಡುವ ಕೆಲಸಕ್ಕೆ ಸೇರಿದ ಮೇಲೂ ಆ ಸಿಟ್ಟು ಇಳಿಯಲಿಲ್ಲ. ವಾರವೆಲ್ಲ ಅದನ್ನು ನುಂಗಿಕೊಂಡು, ಭಾನುವಾರ ಬಾಣಸವಾಡಿಯಲ್ಲಿ ಮುನಿರಾಜಣ್ಣನ ಕೊಟ್ಟಿಗೆಗೆ ಹೋಗಿ ಯುದ್ಧ ಮಾಡಿ ಬರುತ್ತಿದ್ದೆ.

ಯುದ್ಧ ಎಂದರೆ ಮೇಜಿನ ಮೇಲಿನದು. ಹೆಬ್ಬೆರಳುದ್ದದ ಗೊಂಬೆಗಳು. ರಾಕ್ಷಸರು, ಬೇತಾಳಗಳು, ಹದ್ದಿನ ಮೇಲೆ ಕೂತ ಬಿಲ್ಲುಗಾರರು. ಥರ್ಮಕೋಲಿನ ಗುಡ್ಡ, ರಟ್ಟಿನ ಕೋಟೆ. ಒಬ್ಬೊಬ್ಬರಿಗೆ ಒಂದೊಂದು ಸೈನ್ಯ, ಹೊಡೆತ ತಾಕಿತೋ ಇಲ್ಲವೋ ಎಂದು ಹೇಳುವುದಕ್ಕೆ ದಾಳ. ಈ ಆಟಕ್ಕೆ ಇಂಗ್ಲಿಷಿನಲ್ಲಿ ದಿಂಬಿನಷ್ಟು ದಪ್ಪದ ನಿಯಮದ ಪುಸ್ತಕವಿದೆ. ನಮ್ಮಲ್ಲಿ ಯಾರೂ ಅದನ್ನು ಪೂರ್ತಿ ಓದಲಿಲ್ಲ. ನಮ್ಮ ರೂಲುಗಳು ಕೊಟ್ಟಿಗೆಯ ಗೋಡೆಯ ಮೇಲೆ ಕಪ್ಪು ಪೇಂಟಿನಲ್ಲಿದ್ದವು.

ಮುನಿರಾಜಣ್ಣನದು ಬಾಣಸವಾಡಿಯ ಹಳೇ ಒಕ್ಕಲು ಮನೆತನ. ಹೊಲವಿದ್ದಲ್ಲಿ ಈಗ ಬಾಡಿಗೆ ಮನೆಗಳಿವೆ, ಹಸುಗಳೂ ಇಲ್ಲ. ಕೊಟ್ಟಿಗೆಯನ್ನು ಮಾತ್ರ ಕೆಡವಲು ಅವರಿಗೆ ಮನಸ್ಸಾಗಲಿಲ್ಲ. ಅಲ್ಲಿ ಮೇಜು ಹಾಕಿದ ದಿನವೇ ಅವರೊಂದು ಪದ್ಧತಿ ಮಾಡಿದರು. ಗೆದ್ದವರಿಗೆ ಗೆಲುವು, ಸೋತವರಿಗೆ ರೂಲು. ಅಂದಿನ ಆಟದಲ್ಲಿ ಯಾರು ಸೋಲುತ್ತಾರೋ ಅವರು ಗೋಡೆಗೆ ಒಂದು ಹೊಸ ರೂಲು ಸೇರಿಸಬಹುದು, ಅದರಿಂದ ಕೆಲಸವಿಲ್ಲದಾದ ಹಳೆಯದನ್ನು ಅಳಿಸಬಹುದು, ಎಲ್ಲರೂ ಅದಕ್ಕೆ ತಲೆಬಾಗಬೇಕು. ಆ ಗೋಡೆ ತುಂಬಿದ್ದು ಹಾಗೆ. ದೂರ ಅಳೆಯಲು ಟೇಪು ಬೇಡ, ಪೊರಕೆ ಕಡ್ಡಿ ಸಾಕು. ದಾಳ ಉರುಳಿ ಹಳೇ ಗಂಜಲದ ಕಾಲುವೆಗೆ ಬಿದ್ದರೆ ಅದು ಏನೇ ತೋರಿಸಲಿ, ಒಂದು ಎಂದೇ ಲೆಕ್ಕ. ಮುನಿರಾಜಣ್ಣನ ತಾಯಿ ಚಿಕ್ಕಮುನಿಯಮ್ಮ ಕಾಫಿ ತಂದಾಗ ಯುದ್ಧ ನಿಲ್ಲಬೇಕು, ಬೇರೆ ಯಾವುದಕ್ಕೂ ನಡುವೆ ನಿಲ್ಲಬಾರದು. ಬೇಕಂತ ಸೋತರೆ ಅದು ಸೋಲಲ್ಲ, ಅಂಥವರಿಗೆ ರೂಲು ಬರೆಯುವ ಹಕ್ಕಿಲ್ಲ. ಕಣ್ಣು ಬರೆಯದ ಗೊಂಬೆ ಮೇಜು ಹತ್ತುವಂತಿಲ್ಲ.

ಕೊನೆಯದು ಸಂಗಣ್ಣನ ರೂಲು. ನಾವೆಲ್ಲ ಸಂಗನಬಸಪ್ಪನವರನ್ನು ಕರೆಯುವುದು ಹಾಗೆಯೇ. ಅವರು ಇಳಕಲ್ ಕಡೆಯವರು. ಸೋದರಮಾವ ಮಣ್ಣಿನ ಗಣಪತಿ ಮಾಡುತ್ತಿದ್ದರಂತೆ, ಹುಡುಗ ಸಂಗಣ್ಣನಿಗೆ ಕಣ್ಣು ಬರೆಯುವ ಕೆಲಸ. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಅದು ಮಣ್ಣು, ಆಮೇಲೆ ದೇವರು ಎಂದು ಅವರು ಹೇಳುತ್ತಿದ್ದರು. ಆ ಕೈಚಳಕ ಹಿಡಿದುಕೊಂಡೇ ಬೆಂಗಳೂರಿಗೆ ಬಂದು, ಒಂದು ದೊಡ್ಡ ಆಫೀಸಿನ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ನಕ್ಷೆ ಬರೆಯುತ್ತ ತಲೆ ನೆರೆಸಿಕೊಂಡರು. ಮನೆ ಕುಕ್ ಟೌನಿನಲ್ಲಿ, ಒಂದು ಹಳೇ ಬಂಗಲೆಯ ಹಿಂದಿನ ಭಾಗ ಬಾಡಿಗೆಗೆ. ಹೆಂಡತಿ ಶರಣಮ್ಮ ಕಟ್ಟಿಕೊಡುವ ಶೇಂಗಾ ಚಟ್ನಿ, ರೊಟ್ಟಿಗೆ ನಾವು ಭಾನುವಾರ ಬಾಯಿಬಿಟ್ಟುಕೊಂಡು ಕಾಯುತ್ತಿದ್ದೆವು.

ತೊಗರಿಬೇಳೆಯಷ್ಟು ಮುಖದಲ್ಲಿ ಎರಡು ಕಣ್ಣು, ಕಣ್ಣಿನೊಳಗೆ ಪಾಪೆ ಬರೆಯುವವರು ಅವರೊಬ್ಬರೇ. ನಮ್ಮೆಲ್ಲರ ಸೇನಾಪತಿಗಳಿಗೂ ಕಣ್ಣು ಅವರದೇ. ನನ್ನ ಬೇತಾಳ ರಾಣಿಯ ಕಣ್ಣಿನಲ್ಲಿ ಸ್ವಲ್ಪ ಸಿಡುಕು ಕಾಣುತ್ತದೆ. ಯಾಕಣ್ಣ ಹೀಗೆ ಎಂದು ಕೇಳಿದ್ದಕ್ಕೆ ಸಂಗಣ್ಣ, “ನಿನ್ನ ಮಾರಿ ನೋಡೇ ಬರದೀನವಾ” ಎಂದಿದ್ದರು. ಗೋಡೆಯ ಮೇಲಿನ ರೂಲುಗಳನ್ನು, ಯಾರು ಹೇಳಿದ್ದಾದರೂ, ಅವರೇ ಕುಂಚ ಹಿಡಿದು ಬರೆಯುತ್ತಿದ್ದರು.

ಅವರದೇ ಆದ ಇನ್ನೊಂದು ರೂಲೂ ಆ ಗೋಡೆಯಲ್ಲಿತ್ತು: ದಾಳದಲ್ಲಿ ಸುಳ್ಳು ಹೇಳಿದವರು ಸಾಮಾನು ಕಟ್ಟಿಕೊಂಡು ಹೊರಡಬೇಕು, ಮತ್ತೆ ಬರುವಂತಿಲ್ಲ. ಅದು ಬಂದದ್ದು ಸೂರ್ಯನ ಕಾಲದಲ್ಲಿ. ಸೂರ್ಯ ನಮ್ಮ ಆಟದ ಗುಂಪಿನ ಅಜ್ಮತ್‌ನ ಜೊತೆ ಶಿವಾಜಿನಗರದ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಒಂದು ದಿನ ಸಂಗಣ್ಣನ ಎದುರು ಆಡುವಾಗ ಎರಡು ಬಿದ್ದದ್ದನ್ನು ಐದು ಎಂದುಬಿಟ್ಟ. ಸಿಕ್ಕಿಬಿದ್ದ ಮೇಲೆ, ಸರಿಯಾಗಿ ನೋಡಲಿಲ್ಲ ಎಂದ. “ಸಿಕ್ಕ ಮ್ಯಾಲೆ ಎಲ್ಲಾರೂ ಹಂಗ ಅಂತಾರ” ಎಂದರು ಸಂಗಣ್ಣ. ಅಂದು ಸೋತವರೂ ಅವರೇ ಆದ್ದರಿಂದ ರೂಲು ಬರೆದರು, ಸೂರ್ಯ ಗೊಂಬೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ. ಅಜ್ಮತ್ ಅದನ್ನು ಮರೆಯಲಿಲ್ಲ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಸಂಗಣ್ಣ ಕೋಟೆಯೊಳಗೆ, ನಾನು ಹೊರಗೆ. ಅವರು ಹೊಸ ಸೈನ್ಯ ತಂದಿದ್ದರು. ಎಲ್ಲ ಗೊಂಬೆಗೂ ತಲೆಯಿಂದ ಗಲ್ಲದವರೆಗೆ ಮುಸುಕು. “ಏನಣ್ಣ, ಎಲ್ರಿಗೂ ಮಂಕಿ ಕ್ಯಾಪ್ ಹಾಕ್ಬಿಟ್ಟಿದೀರಾ, ನಿಮ್ ಸೈನ್ಯಕ್ಕೆ ಅಷ್ಟೊಂದು ಚಳಿನಾ” ಎಂದು ನಾನು ರೇಗಿಸಿದೆ. ಅವರು ನಕ್ಕು ಸುಮ್ಮನಾದರು. ಅಜ್ಮತ್ ಕೂಡ ಹೊಸ ದಾಳ ತಂದಿದ್ದ. ಕಡು ನೇರಳೆ ಬಣ್ಣ, ಅದರ ಮೇಲೆ ಕಪ್ಪು ಚುಕ್ಕೆ. ನೋಡಲು ಬಲು ಚಂದ, ಅಂದು ಅದರಲ್ಲೇ ಆಡಿದೆವು.

ಆಟ ಅರ್ಧ ದಾಟಿತ್ತು, ನನ್ನ ಕೈ ಮೇಲಾಗಿತ್ತು. ಸಂಗಣ್ಣ ದಾಳ ಹಾಕಿ, ಬಾಗಿ ನೋಡಿ, “ಐದು” ಎಂದರು. ನನ್ನ ಹದ್ದಿನ ಸವಾರನನ್ನು ಎತ್ತಿಡಲು ಕೈ ಚಾಚಿದರು. ದಾಳ ನನ್ನ ಮುಂದೆಯೇ ಇತ್ತು. ಓರೆಯಾಗಿ ಮೂರು ಚುಕ್ಕೆ.

“ಮೂರನ್ನ ಐದು ಅಂತೀರಲ್ಲಣ್ಣ, ನೀವೂ ಶುರು ಮಾಡ್ಬಿಟ್ರಾ?”

ಹೇಳಿಯಾಗಿತ್ತು. ಅಜ್ಮತ್ ಎದ್ದು ಬಂದು ದಾಳ ನೋಡಿದ. ಮುನಿರಾಜಣ್ಣನೂ ನೋಡಿದರು.

“ಮೂರು” ಎಂದ ಅಜ್ಮತ್.

ಸಂಗಣ್ಣ ದಾಳದ ಕಡೆ ಮತ್ತೊಮ್ಮೆ ನೋಡಲಿಲ್ಲ. “ಹೌದು, ಮೂರ ಇರಬೇಕು” ಎಂದು ಕೈ ಹಿಂದಕ್ಕೆಳೆದುಕೊಂಡರು. ತಪ್ಪಾಗಿ ಓದಿದೆ ಎನ್ನಲಿಲ್ಲ. ಎನ್ನುವುದು ಹೇಗೆ? ಆ ಬಾಗಿಲನ್ನು ಸೂರ್ಯನ ಮುಖದ ಮೇಲೆ ಹಾಕಿದವರು ಅವರೇ.

“ಗೋಡೆ ಮೇಲೆ ಏನ್ ಬರ್ದಿದೆ ಅಂತ ನಾನು ಓದ್ಬೇಕಾಗಿಲ್ಲ ಅನ್ಕೋತೀನಿ” ಎಂದ ಅಜ್ಮತ್.

“ಅಜ್ಮತ್, ಸ್ವಲ್ಪ ತಡ್ಕೋ ಗುರು” ಎಂದರು ಮುನಿರಾಜಣ್ಣ.

“ಯಾಕ್ ತಡ್ಕೋಬೇಕು? ಸೂರ್ಯಂಗೆ ಯಾರಾದ್ರೂ ತಡ್ಕೊಂಡ್ರಾ? ಅವ್ನಿಗೊಂದು ರೂಲ್ಸು, ಸಂಗಣ್ಣಂಗೊಂದು ರೂಲ್ಸಾ? ಹಂಗಿದ್ರೆ ಹೇಳ್ಬಿಡಿ, ನಾನೂ ನನ್ನ ಸಾಮಾನು ಕಟ್ಕೊತೀನಿ.”

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದೇ ನನಗೆ ಉರಿ ಹತ್ತಿಸಿದ್ದು. ಮುನಿರಾಜಣ್ಣ ತಲೆ ಕೆರೆದುಕೊಂಡು, ಆಟ ನಡುವೆ ನಿಲ್ಲುವಂತಿಲ್ಲ, ಮುಗಿಯಲಿ, ಆಮೇಲೆ ಗೋಡೆ ಹೇಳಿದಂತೆ ಆಗಲಿ ಎಂದರು. ಸಂಗಣ್ಣ ತಲೆಯಾಡಿಸಿದರು. ಆ ಆಟವೇ ಅವರ ಕೊನೆಯ ಆಟ ಎಂದು ಎಲ್ಲರಿಗೂ ಗೊತ್ತಾಯಿತು.

ಅಷ್ಟರಲ್ಲಿ ಚಿಕ್ಕಮುನಿಯಮ್ಮ ಕಾಫಿ ತಂದರು. “ಯಾಕ್ರಪ್ಪಾ, ಸಾವಾದ್ ಮನೇಲಿ ಕುಂತಂಗ್ ಕುಂತಿದೀರಾ” ಎಂದು ಲೋಟ ಹಂಚಿದರು. ನಾನು ಲೋಟ ಪಕ್ಕಕ್ಕಿಟ್ಟೆ. ಸುಮ್ಮನೆ ಕೋಟೆಯ ಮೇಲಿದ್ದ ಸಂಗಣ್ಣನ ಒಂದು ಗೊಂಬೆ ಎತ್ತಿಕೊಂಡೆ. ಮುಸುಕಿನ ಬಣ್ಣ ಅಂಚು ದಾಟಿ ಭುಜಕ್ಕೆ ಹರಿದಿತ್ತು. ಸಂಗಣ್ಣ ಅಂಚು ದಾಟುವುದೆಂದರೆ? ಇನ್ನೊಂದು ಎತ್ತಿದೆ, ಮತ್ತೊಂದು ಎತ್ತಿದೆ. ಎಲ್ಲಕ್ಕೂ ಮುಖ ಮುಚ್ಚಿತ್ತು. ಕಣ್ಣು ಬರೆಯದ ಗೊಂಬೆ ಮೇಜು ಹತ್ತುವಂತಿಲ್ಲ ಎಂದು ಬರೆದ ಮನುಷ್ಯ, ಕಣ್ಣು ಬರೆಯಬೇಕಾಗಿಯೇ ಬಾರದಂಥ ಸೈನ್ಯ ತಂದಿದ್ದರು. ಕುಕ್ ಟೌನಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದವರು ಈಚೆಗೆ ವಾಕಿಂಗು ಒಳ್ಳೆಯದು ಎಂದು ನಡೆದು ಬರುತ್ತಿದ್ದದ್ದೂ ಆಗ ಹೊಳೆಯಿತು. ಮಂಕಿ ಕ್ಯಾಪ್ ಎಂದ ನನ್ನ ಬಾಯಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

ಸಂಗಣ್ಣ ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ನಾನು ಹಿಂದೆಯೇ ಹೋದೆ.

“ಅಣ್ಣ, ನಿಮ್ಗೆ ಕಣ್ಣು ಕಾಣ್ತಿಲ್ಲ ಅಲ್ವಾ?”

ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಸುಮಾರು ಹೊತ್ತು ಒರೆಸಿಕೊಂಡರು.

“ಸಕ್ಕರಿ ಕಣ್ಣಿಗೆ ಇಳದೈತಿ. ಸೂಜಿ ಹಾಕ್ಲಿಕ್ಕತ್ಯಾರ. ಇದ್ದಷ್ಟು ಉಳೀತೈತಿ, ಹೋದದ್ದು ಬರಂಗಿಲ್ಲ ಅಂದಾರ.”

“ಹೇಳ್ಬಿಡಿ ಅಣ್ಣ ಒಳಗೆ. ನಾನೇ ಹೇಳ್ತೀನಿ ಬೇಕಾದ್ರೆ.”

“ಬಾಯಿ ಬಿಟ್ಟಿ ಅಂದ್ರ ನಾ ಮತ್ತ ನಿನ್ನ ಮಾರಿ ನೋಡಂಗಿಲ್ಲ.” ಅವರ ದನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿರಲಿಲ್ಲ. “ಸುಳ್ಳಗ ಮಂದಿ ಬೈತಾರ. ಕುಡ್ಡಗ ಪಾಪ ಅಂತಾರ. ನನಗ ಬೈಗಳಾನೇ ಇರ್ಲಿ. ಆಫೀಸಿನ್ಯಾಗ ಗೊತ್ತಾದ್ರ ನಾಳೇನ ಡ್ರಾಯಿಂಗ್ ಬಿಡಿಸಿ ಮೂಲ್ಯಾಗ ಕುಂದ್ರಸ್ತಾರ. ಇಲ್ಲೂ ಹಂಗ ಕುಂದ್ರಬೇಕೇನು? ಸೂರ್ಯಾಗ ಒಂದು ನ್ಯಾಯ ಹೇಳಿ, ನನಗ ಇನ್ನೊಂದು ಕೇಳ್ಲಿ ಏನು?”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆದರೆ ಮಾತು ಕೊಟ್ಟೆ. ಒಳಗೆ ಬರುವಾಗ ಗೋಡೆ ಕಣ್ಣಿಗೆ ಬಿತ್ತು. ಸೋತವರಿಗೆ ರೂಲು. ಸಂಗಣ್ಣ ಸೋತರೆ ತಮಗಾಗಿ ಏನೂ ಬರೆದುಕೊಳ್ಳುವವರಲ್ಲ. ಸೋಲಬೇಕಾದವಳು ನಾನು. ಗೆಲ್ಲುವ ಆಟ ನನ್ನ ಕೈಯಲ್ಲಿತ್ತು, ಬೇಕಂತ ಸೋತರೆ ಅದು ಸೋಲಲ್ಲ, ಅಜ್ಮತ್‌ನ ಕಣ್ಣು ನನ್ನ ಬೆರಳುಗಳ ಮೇಲೇ ಇತ್ತು.

ದೂರ ನಿಂತು ಬಾಣ ಬಿಡುತ್ತಿದ್ದರೆ ಸಾಕಿತ್ತು, ಕೋಟೆ ತಾನಾಗಿ ಬೀಳುತ್ತಿತ್ತು. ನಾನು ಪೊರಕೆ ಕಡ್ಡಿ ತೆಗೆದುಕೊಂಡು ಅಳೆದು, ಬೇತಾಳ ರಾಣಿಯನ್ನು ಒಂಟಿಯಾಗಿ ಕೋಟೆ ಬಾಗಿಲಿಗೆ ತಂದು ನಿಲ್ಲಿಸಿದೆ.

“ಸಂಗಣ್ಣ, ನಿಮ್ ಸೇನಾಪತಿ ಹೊರಗ್ ಬರ್ಲಿ. ಅವ್ನಿಗೊಂದು ದಾಳ, ನನಗೊಂದು. ದೊಡ್ಡದು ಬಿದ್ದೋರು ಗೆದ್ರು. ಆಟ ಅಲ್ಲಿಗೆ ಮುಗೀತು.”

“ಅಕ್ಕ, ಇದು ಬೇಕಂತ ಸೋಲೋ ಪ್ಲಾನ್ ಅಲ್ವಾ?” ಎಂದ ಅಜ್ಮತ್.

“ಯುಗಾದಿ ಟೈಮಲ್ಲಿ ನಿನ್ನ ಕೋಟೆ ಮೇಲೂ ಹೀಗೇ ನುಗ್ಗಿದ್ದೆ. ಆವಾಗ ಸೋತಿದ್ದು ನಾನಾ, ನೀನಾ?”

ಆ ಸಲ ಸೋತವನು ಅವನೇ. ದುಡುಕುವವಳು ಎಂಬ ಹೆಸರು ಅಂದು ನನ್ನ ಉಪಯೋಗಕ್ಕೆ ಬಂತು. ಸಂಗಣ್ಣ ಮಾತ್ರ ನನ್ನ ಕಡೆ ಮುಖ ಎತ್ತಿ, “ನನ್ನ ಮ್ಯಾಲೆ ಕನಿಕರ ಮಾಡಬ್ಯಾಡ” ಎಂದರು.

“ದಾಳ ಹಾಕಿ ಅಣ್ಣ. ದಾಳಕ್ಕೆ ಕನಿಕರ ಇಲ್ಲ.”

ಅವರು ಹಾಕಿದರು. ನೇರಳೆ ದಾಳ ಕೋಟೆ ಗೋಡೆಗೆ ತಾಗಿ, ತಿರುಗಿ, ಬಾಗಿಲ ಮುಂದೆ ನಿಂತಿತು. ನಾವೆಲ್ಲ ಅವರು ಓದಲಿ ಎಂದು ಕಾದೆವು. ಅವರು ದಾಳವಿದ್ದ ಕಡೆಗೆ ಮುಖ ಮಾಡಿ ಹಾಗೇ ಕೂತರು. ಹೊರಗೆ ಸ್ಟೇಷನ್ ಕಡೆಯಿಂದ ರೈಲಿನ ಸದ್ದು ಬಂದು ಹೋಯಿತು.

“ಓದಿ ಅಣ್ಣ” ಎಂದ ಅಜ್ಮತ್.

“ನನ್ನ ಮಾತಿಗೆ ಈಗ ಕಿಮ್ಮತ್ತಿಲ್ಲಲ್ಲ. ಎದುರಿಗೆ ಕುಂತಾಕಿ ಓದ್ಲಿ.”

ನಾನು ಬಾಗಿ ನೋಡಿದೆ. “ನಾಲ್ಕು.”

ಈಗ ನನ್ನ ಸರದಿ. ಐದು ಅಥವಾ ಆರು ಬಿದ್ದರೆ ನಾನು ಗೆದ್ದೆ, ಸಂಗಣ್ಣ ಹೊರಗೆ. ಕುಲುಕಿ ಬಿಸಾಡಿದೆ. ದಾಳ ಗುಡ್ಡಕ್ಕೆ ಹೊಡೆದು, ಪುಟಿದು, ಮೇಜಿನ ಅಂಚಿಗೆ ಹೋಯಿತು. ಅಂಚಿನಲ್ಲಿ ಒಂದು ಗಳಿಗೆ ನಿಂತ ಹಾಗೆ ಮಾಡಿ, ಕೆಳಗೆ ಬಿದ್ದು, ಇಳಿಜಾರಿನಲ್ಲಿ ಉರುಳಿ ಗಂಜಲದ ಕಾಲುವೆ ಸೇರಿತು.

ಅಜ್ಮತ್ ಹೋಗಿ ಕಾಲುವೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ತುಂಬ ಹೊತ್ತು ನೋಡಿದ.

“ಆರು ಬಿದ್ದಿದೆ” ಎಂದ. ಅವನು ದಾಳ ಎತ್ತಿ ಅಂಗಿಗೆ ಒರೆಸಿ ಮೇಜಿನ ಮೇಲಿಟ್ಟ. “ಆದ್ರೆ ಕಾಲುವೇಲಿ ಬಿದ್ದಿದ್ದು ಒಂದು. ರೂಲ್ಸ್ ಅಂದ್ರೆ ರೂಲ್ಸು. ಅಕ್ಕ ಸೋತ್ರು.”

ಬೇಕಂತಲೇ ಜೋರಾಗಿ ಎಸೆದೆಯಾ ಎಂದು ಆಮೇಲೆ ಮುನಿರಾಜಣ್ಣ ಕೇಳಿದರು. ನಾನು ಯಾವಾಗ ಮೆಲ್ಲಗೆ ಎಸೆದಿದ್ದೇನೆ?

ಸಂಗಣ್ಣ ಚೀಲ ತೆಗೆದು ಗೊಂಬೆಗಳನ್ನು ಒಂದೊಂದಾಗಿ ಒಳಗಿಡಲು ಶುರು ಮಾಡಿದರು. ತಡವಿ ತಡವಿ ಎತ್ತಿಕೊಳ್ಳುತ್ತಿದ್ದರು.

“ಅಣ್ಣ, ಕೈ ತೆಗೀರಿ. ನನ್ನ ರೂಲು ಇನ್ನೂ ಬಾಕಿ ಇದೆ” ಎಂದೆ. ನಲ್ಲಿಯ ಹತ್ತಿರ ಕೊಟ್ಟ ಮಾತು ಮುರಿಯದೆ ಹೇಳಬೇಕಿತ್ತು. “ಇನ್ಮೇಲೆ ದಾಳ ಹಾಕ್ದೋರು ಓದ್ಬಾರ್ದು. ಯಾರೇ ಆಗ್ಲಿ. ಎದುರಾಳಿ ಓದ್ಬೇಕು, ಅವ್ರು ಓದಿದ್ದೇ ಕೊನೆ, ಬೇರೆ ಯಾರೂ ಬಗ್ಗಿ ನೋಡೋ ಹಾಗಿಲ್ಲ. ತನ್ನ ದಾಳ ತಾನು ಓದೋದೇ ಇಲ್ಲ ಅಂದ್ಮೇಲೆ ಸುಳ್ಳಿನ ರೂಲಿಗೆ ಕೆಲಸ ಇಲ್ಲ. ಅದನ್ನ ಅಳಿಸ್ಬಿಡಿ.”

ಅಜ್ಮತ್ ನನ್ನನ್ನೇ ನೋಡಿದ. “ಸುಳ್ಳಿನ ರೂಲು ಹೋಯ್ತು ಅಂದ್ರೆ ಪೂರ್ತಿ ಹೋಯ್ತಾ?”

“ಪೂರ್ತಿ.”

“ಸೂರ್ಯಂಗೂ?”

“ಸೂರ್ಯಂಗೂ.”

ಮುನಿರಾಜಣ್ಣ ಒಳಗೆ ಹೋಗಿ ಪೇಂಟಿನ ಡಬ್ಬಿ, ಕುಂಚ ತಂದು, ಪದ್ಧತಿಯಂತೆ ಸಂಗಣ್ಣನ ಕೈಗೆ ಕೊಟ್ಟರು. ಸಂಗಣ್ಣ ಗೋಡೆಯ ಮುಂದೆ ಹೋಗಿ ನಿಂತರು. ಕುಂಚ ಅದ್ದಿದರು. ಕೈ ಗೋಡೆಯವರೆಗೆ ಹೋಗಿ ಅಲ್ಲೇ ನಿಂತಿತು, ಬಣ್ಣ ತೊಟ್ಟಿಕ್ಕಿ ಚಪ್ಪಲಿಯ ಮೇಲೆ ಬಿತ್ತು. ಎಲ್ಲಿಂದ ಶುರು ಮಾಡಬೇಕು ಎಂದು ಅವರಿಗೆ ಕಾಣುತ್ತಿಲ್ಲ ಎಂಬುದು ಆಗ ನನಗೊಬ್ಬಳಿಗೇ ಗೊತ್ತಿತ್ತು.

“ಗೌತಮಿ, ನೀನ ಬರಿ” ಎಂದು ಅವರು ತಿರುಗಿದರು. “ನನಗ ಕಾಣಸವಲ್ದು. ಗ್ವಾಡಿ ಕಾಣತೈತಿ, ಅಕ್ಷರ ಕಾಣಂಗಿಲ್ಲ. ಆ ದಾಳಾನೂ ಕಂಡಿದ್ದಿಲ್ಲ. ಎಲ್ಲಾರಿಗೂ ಒಂದ ರೂಲ್ ಆತಲ್ಲ, ಈಗ ಹೇಳ್ಬೌದು.”

ಚಿಕ್ಕಮುನಿಯಮ್ಮ ಲೋಟ ಎತ್ತಲು ಬಂದವರು ಬಾಗಿಲಲ್ಲೇ ನಿಂತರು.

“ಮೊದ್ಲೇ ಹೇಳ್ಬಹುದಿತ್ತಲ್ಲ ಅಣ್ಣ” ಎಂದ ಅಜ್ಮತ್.

“ಹೇಳಿದ್ರ ನೀ ನಂಬತಿದ್ದಿ ಏನು?”

ಅಜ್ಮತ್ ಯೋಚಿಸಿದ. “ಇಲ್ಲ. ನಂಬ್ತಿರ್ಲಿಲ್ಲ.” ನೇರಳೆ ದಾಳವನ್ನು ಜೇಬಿಗೆ ಹಾಕಿಕೊಂಡು, ಫೋನ್ ತೆಗೆದು ಹೊರಗೆ ಹೋದ. ನಾನು ಸುಳ್ಳಿನ ರೂಲಿನ ಮೇಲೆ ಬಣ್ಣ ಬಳಿದು, ಹೊಸದನ್ನು ಗೋಡೆಗೆ ಬರೆದೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಸಂಗಣ್ಣನ ಸಾಲುಗಳ ಕೆಳಗೆ ಅದು ಈಗಲೂ ನೋಡಲು ಅಸಹ್ಯವಾಗಿದೆ.

ಮುಂದಿನ ಭಾನುವಾರ ಸೂರ್ಯ ಬಂದ. ಯಾರ ಮುಖವನ್ನೂ ನೋಡದೆ ಚೀಲ ಬಿಚ್ಚಿದ. ಅವನೂ ಸಂಗಣ್ಣನೂ ಆಡಲಿ ಎಂದರು ಮುನಿರಾಜಣ್ಣ. ಅಜ್ಮತ್ ದೊಡ್ಡ ಚುಕ್ಕೆಯ ಬಿಳಿ ದಾಳ ತಂದಿದ್ದ. ಸಂಗಣ್ಣ ಅದನ್ನು ಪಕ್ಕಕ್ಕೆ ಸರಿಸಿ, “ಓದಾಂವ ನಾನಲ್ಲಲ್ಲ, ನಿನ್ನ ನೇರಳೀದೇ ಕೊಡು” ಎಂದರು.

ಸಂಜೆಯ ಹೊತ್ತಿಗೆ ಸಂಗಣ್ಣನ ಕಡೆ ಒಬ್ಬನೇ ಬಿಲ್ಲುಗಾರ ಉಳಿದಿದ್ದ. ಎದುರಿಗೆ ಸೂರ್ಯನ ದೈತ್ಯ ರಾಜ. ಆರು ಬಿದ್ದರೆ ಮಾತ್ರ ದೈತ್ಯ ಬೀಳುತ್ತಾನೆ, ಬೇರೆ ಏನು ಬಿದ್ದರೂ ಸಂಗಣ್ಣನ ಕಥೆ ಮುಗಿಯಿತು. ಅವರು ದಾಳ ಹಾಕಿದರು. ಅದು ಕೋಟೆಯ ಆಚೆ, ಸೂರ್ಯನ ಕಡೆ ಹೋಗಿ ನಿಂತಿತು. ನಮಗೆ ಯಾರಿಗೂ ಕಾಣುತ್ತಿರಲಿಲ್ಲ, ಬಗ್ಗಿ ನೋಡುವಂತೆಯೂ ಇರಲಿಲ್ಲ. ರೂಲು ಮಾಡಿದವಳು ನಾನೇ. ಸೂರ್ಯ ಬಾಗಿ ನೋಡಿದ. ನೋಡಿ ಸುಮ್ಮನೆ ಇದ್ದ. ಅವನು ಏನು ಹೇಳಿದರೂ ನಡೆಯುತ್ತಿತ್ತು. ಈ ಮನುಷ್ಯನೇ ತನ್ನನ್ನು ಇದೇ ಮೇಜಿನಿಂದ ಎಬ್ಬಿಸಿ ಕಳಿಸಿದ್ದು.

“ಆರು” ಎಂದು ಸೂರ್ಯ ತನ್ನ ದೈತ್ಯನನ್ನು ತಾನೇ ಮಲಗಿಸಿದ.

ಸಂಗಣ್ಣ ಖರೇನಾ ಎಂದು ಕೇಳಲಿಲ್ಲ. ದನಿ ಬಂದ ಕಡೆಗೆ ಮುಖ ತಿರುಗಿಸಿ ಹೇಳಿದರು. “ಸೂರ್ಯಾ, ಅವತ್ತು ನಿನಗೂ ಸರಿಯಾಗಿ ಕಂಡಿರಲಿಕ್ಕಿಲ್ಲ. ನಾ ನಂಬಬೇಕಾಗಿತ್ತು.”

“ಇಲ್ಲ ಅಂಕಲ್” ಎಂದ ಸೂರ್ಯ. “ಅವತ್ತು ಚೆನ್ನಾಗೇ ಕಂಡಿತ್ತು. ಸುಳ್ಳೇ ಹೇಳಿದ್ದೆ. ಇವತ್ತು ಬಿದ್ದಿರೋದು ಆರು.”